ಸತ್ತ ಡಬ್ಬಿಗಳ ಉಳಿತಾಯ

ತಂತಿಯಿಲ್ಲದೆ ಬ್ಯಾಟರಿ ಚಾರ್ಜ್ ಮಾಡುವ ವಿದ್ಯೆಯನ್ನು ನಾನು ಆರು ವರ್ಷ ಅಭ್ಯಾಸ ಮಾಡಿದ್ದೇನೆ. ಆ ವಿದ್ಯೆಯ ಸಾರ ಇಷ್ಟೇ. ಒಂದು ಕೊಡ ನೀರನ್ನು ದೂರ ನಿಂತು ಲೋಟದ ಕಡೆಗೆ ಎರಚಬೇಕು. ಲೋಟದಲ್ಲಿ ಬಿದ್ದಷ್ಟನ್ನು ಕುಡಿಯಬೇಕು. ಆಮೇಲೆ ‘ನೋಡಿ, ಕೊಡಕ್ಕೆ ಲೋಟ ತಾಗಲೇ ಇಲ್ಲ’ ಎಂದು ಎದೆ ಉಬ್ಬಿಸಬೇಕು. ನೆಲಕ್ಕೆ ಚೆಲ್ಲಿದ ನೀರಿನ ಬಗ್ಗೆ ಕೇಳುವವನು ವಿಜ್ಞಾನದ ವಿರೋಧಿ.

ನಾನು ಕಲಬುರಗಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಮಾಸ್ತರ. ಹದಿನೈದು ವರ್ಷ ಸುಮ್ಮನೆ ಪಾಠ ಹೇಳಿಕೊಂಡಿದ್ದೆ. ಒಂದು ದಿನ ಆಡಳಿತ ಮಂಡಳಿಯವರಿಗೆ ನಾವೆಲ್ಲರೂ ಡಾಕ್ಟರುಗಳಾಗಬೇಕು ಅನ್ನಿಸಿತು. ತಪಾಸಣೆಗೆ ಬರುವ ಸಮಿತಿಯವರು ಪಾಠ ಕೇಳುವುದಿಲ್ಲ, ಬಾಗಿಲ ಮೇಲಿನ ಹೆಸರಿನ ಫಲಕ ಓದುತ್ತಾರೆ. ಹಾಗಾಗಿ ನಲವತ್ತು ದಾಟಿದ ನಾವು ಏಳು ಜನ ಒಂದೇ ತಿಂಗಳಲ್ಲಿ ಸಂಶೋಧಕರಾದೆವು. ನಮ್ಮಲ್ಲಿ ಒಬ್ಬನಿಗಾದರೂ ಏನನ್ನಾದರೂ ತಿಳಿದುಕೊಳ್ಳುವ ಆಸೆ ಇತ್ತು ಅಂದರೆ ನಾನು ನಂಬುವುದಿಲ್ಲ. ನನಗಂತೂ ಇರಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರೇ ನನಗೆ ಗೈಡು. ಅವರು ಕೈಯಲ್ಲಿ ಬೆಸುಗೆ ಕಡ್ಡಿ ಹಿಡಿದದ್ದನ್ನು ನಾನು ಒಮ್ಮೆಯೂ ನೋಡಿಲ್ಲ, ಶಾಲು ಹಾರ ಹಿಡಿದದ್ದನ್ನು ಮಾತ್ರ ಬೇಕಾದಷ್ಟು ಸಲ ನೋಡಿದ್ದೇನೆ. ಹೊರದೇಶದ ಪತ್ರಿಕೆಯಲ್ಲಿ ಏನು ಅಚ್ಚಾದರೂ ಅವರಿಗೆ ಅದು ವೇದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಪೈಕಿ. ಹೊಲದ ತುಂಬ ಸೆನ್ಸರ್ ಡಬ್ಬಿಗಳನ್ನು ನೆಟ್ಟು, ಅವುಗಳ ಬ್ಯಾಟರಿ ಇಳಿದಾಗ ಒಂದು ಗಾಡಿ ತಾನಾಗಿಯೇ ಡಬ್ಬಿಯಿಂದ ಡಬ್ಬಿಗೆ ಹೋಗಿ ಮುಟ್ಟದೆಯೇ ಚಾರ್ಜ್ ಮಾಡಿ ಬರುತ್ತದೆ ಎಂದು ಎಲ್ಲಿಯೋ ಓದಿದ್ದರು. ಓದಿದ ಮರುದಿನವೇ ಅದು ನನ್ನ ಪಿಎಚ್‌ಡಿ ವಿಷಯವಾಯಿತು.

ಹೊಲ ಸಿಕ್ಕಿದ್ದು ಕಮಲಾಪುರದಲ್ಲಿ, ನಮ್ಮ ಕಚೇರಿಯ ಗುಮಾಸ್ತರ ಬೀಗರದು. ಒಂದು ಎಕರೆ ಕೆಂಪು ಬಾಳೆ. ಕಮಲಾಪುರದ ಕೆಂಪು ಬಾಳೆಯ ಹೆಸರು ಹೇಳಿ ಕಲಬುರಗಿಯಲ್ಲಿ ಎಂಥೆಂಥವೋ ಬಾಳೆ ಮಾರುತ್ತಾರೆ. ಖರೇ ಬಾಳೆ ಬೆಳೆಯುವವರು ಮಾತ್ರ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನೆಟ್ಟ ಮೇಲೆ ಒಂದೂವರೆ ವರ್ಷ ಕಾಯಬೇಕು. ಅಷ್ಟು ತಾಳ್ಮೆ ಈಗ ಯಾರಿಗಿದೆ? ಆ ಮನೆಯಲ್ಲಿ ಅಣ್ಣತಮ್ಮಂದಿರಿಬ್ಬರು. ತಮ್ಮ ಬಸ್ಸಿನ ಡ್ರೈವರು, ತಿಂಗಳಿಗೆ ನಾಲ್ಕು ದಿನ ಮನೆಗೆ ಬರುವವನು. ಒಕ್ಕಲುತನವೆಲ್ಲ ಅಣ್ಣನದು. ಆದರೆ ಬಾಳೆ ಮಾತ್ರ ತಮ್ಮನ ಹೆಂಡತಿಯದು. ಮದುವೆಯಾಗಿ ಬಂದಾಗಿನಿಂದ ಆಕೆಯೇ ಅದನ್ನು ನೋಡಿಕೊಂಡವರು. ನನಗಿಂತ ಎರಡು ವರ್ಷ ಚಿಕ್ಕವರಿರಬಹುದು, ಆದರೂ ನಾನು ಅಕ್ಕಾರ ಅಂತಲೇ ಕರೆಯುತ್ತಿದ್ದೆ.

ಮೊದಲ ದಿನವೇ ಅಕ್ಕ ಮಾತು ಬಿಚ್ಚಿ ಹೇಳಿದರು. “ಸರ, ಹ್ವಾದ ಬೆಳಿಗಿ ನೀರ ಹೆಚ್ಚಾಗಿ ಬೇರ ಕೊಳತು ಅರ್ಧಾ ತೋಟ ಹೋತ್ರಿ. ಭಾವ ಆಗಲೇ ಬಾಳಿ ಕಿತ್ತು ಕಬ್ಬ ಹಚ್ಚಾಂವ ಇದ್ದರು. ನಾ ಹಟ ಹಿಡದು ಇದೊಂದು ಬೆಳಿ ಉಳಿಸ್ಕೊಂಡೀನಿ. ಈ ಸಲ ಗೊನಿ ತುಂಬಿ ಬಂದ್ರ ಬಾಳಿ ಉಳೀತದ, ಇಲ್ಲಂದ್ರ ಇಲ್ಲ. ನಿಮ್ಮ ಡಬ್ಬಿ ನೀರಿನ ಲೆಕ್ಕಾ ಬರೋಬ್ಬರಿ ಹೇಳ್ತದಂದ್ರ ಹಚ್ರಿ.”

“ಬರೋಬ್ಬರಿ ಹೇಳ್ತದ ಅಕ್ಕಾರ,” ಅಂದೆ.

ಓದಿದವರ ಮಾತನ್ನು ನಂಬುವ ಕೆಟ್ಟ ಚಟ ನಮ್ಮ ಕಡೆ ಇನ್ನೂ ಹೋಗಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಆ ಮನೆಯ ಅಣ್ಣ, ಅಂದರೆ ಅಕ್ಕನ ಭಾವ, ಮಾತ್ರ ಎಲೆ ಅಡಿಕೆ ಹಾಕಿಕೊಂಡು ನಮ್ಮನ್ನು ನೋಡುತ್ತಿದ್ದರು. ಅವರಿಗೆ ಡಬ್ಬಿಯ ಮೇಲೆ ನಂಬಿಕೆ ಇರಲಿಲ್ಲ, ಬಾಳೆಯ ಮೇಲೂ ಇರಲಿಲ್ಲ. ಕಬ್ಬಿನ ಮೇಲೆ ಇತ್ತು.

ಇಪ್ಪತ್ತು ಡಬ್ಬಿ ನೆಟ್ಟೆವು. ಒಂದೊಂದೂ ಊಟದ ಡಬ್ಬಿಯಷ್ಟು, ಬಿಳಿ ಬಣ್ಣದ್ದು. ಕೆಳಗೆ ಮಣ್ಣಿಗೆ ಚುಚ್ಚುವ ಎರಡು ಕಡ್ಡಿ, ಒಳಗೆ ಸಣ್ಣ ಬ್ಯಾಟರಿ, ಮಾತಾಡುವುದಕ್ಕೆ ಒಂದು ರೇಡಿಯೋ. ಕಡ್ಡಿ ಮಣ್ಣಿನ ತೇವ ಅಳೆಯುತ್ತದೆ, ರೇಡಿಯೋ ಅದನ್ನು ಪಂಪ್‌ಹೌಸಿನ ಕಂಬಕ್ಕೆ ಹೇಳುತ್ತದೆ, ಕಂಬ ಅದನ್ನು ಅಕ್ಕನ ಫೋನಿಗೂ ನನ್ನ ಫೋನಿಗೂ ಕಳಿಸುತ್ತದೆ. ಫೋನಿನಲ್ಲಿ ತೋಟ ಇಪ್ಪತ್ತು ಚೌಕವಾಗಿ ಕಾಣುತ್ತದೆ. ಹಸಿ ಇದ್ದರೆ ನೀಲಿ, ಒಣಗಿದರೆ ಕೆಂಪು. ಕೆಂಪಾದಾಗ ಮಾತ್ರ ಹನಿ ನೀರಿನ ವಾಲ್ವ್ ತಿರುವಬೇಕು. ನಡುವೆ ಕೈ ಹಾಕಿದರೆ ನನ್ನ ಪ್ರಯೋಗ ಕೆಡುತ್ತದೆ ಎಂದು ಅಕ್ಕನಿಗೆ ಮೂರು ಸಲ ಹೇಳಿದೆ. ಮೂರನೆಯ ಸಲ ಭಾವನಿಗೂ ಕೇಳಿಸುವಂತೆ ಹೇಳಿದೆ.

ಇನ್ನು ಗಾಡಿ. ಅದನ್ನು ಕಪನೂರಿನ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದೆ. ತರಕಾರಿ ತಳ್ಳುವ ಗಾಡಿಗೆ ಮಿಶ್ರ ತಳಿ ಹುಟ್ಟಿದರೆ ಹೇಗಿರುತ್ತದೋ ಹಾಗಿತ್ತು. ಮೇಲೆ ಟ್ರ್ಯಾಕ್ಟರಿನ ಬ್ಯಾಟರಿ, ಅದರ ಪಕ್ಕ ಒಂದು ಪೆಟ್ಟಿಗೆ, ಮುಂದೆ ಚಾಚಿದ ಕೈ, ಆ ಕೈಯ ತುದಿಗೆ ತಾಮ್ರದ ತಂತಿ ಸುತ್ತಿದ ತಟ್ಟೆ. ಡಬ್ಬಿಯ ಮುಚ್ಚಳದ ಮೇಲೆ ಎರಡು ಬೆರಳಿನ ಅಂತರದಲ್ಲಿ ಆ ತಟ್ಟೆ ಅಲ್ಲಾಡದೆ ನಿಲ್ಲಬೇಕು. ವರ್ಕ್‌ಶಾಪಿನ ಮಾಲೀಕ ವೆಲ್ಡಿಂಗ್ ಮುಗಿಸಿ, ಬೆವರು ಒರೆಸಿಕೊಂಡು ಕೇಳಿದ.

“ಸಾಬ್, ಇಷ್ಟ ದೊಡ್ಡ ಬ್ಯಾಟ್ರಿ ಹೊತ್ಕೊಂಡ್ ಹೋಗಿ ಆ ಸಣ್ಣ ಬ್ಯಾಟ್ರಿ ತುಂಬ್ಸೋದೇನ್ರಿ? ಒಂದ್ ವೈರ್ ಎಳದ್ರ ಖೇಲ್ ಖತಂ ಅಲ್ಲಾ?”

“ವೈರ್ ಇರಬಾರದು. ಅದೇ ಸಂಶೋಧನೆ.”

“ಅಚ್ಛಾ,” ಅಂದ. ಅಷ್ಟೇ ಅಂದು ಮುಂದಿನ ಗಿರಾಕಿಯ ಕಡೆ ತಿರುಗಿದ. ನನ್ನ ಆರು ವರ್ಷದ ಸಂಶೋಧನೆಗೆ ಬಂದ ಅತ್ಯಂತ ಪ್ರಾಮಾಣಿಕ ವಿಮರ್ಶೆ ಅದೊಂದೇ.

ಮೂಗಿಗಿಂತ ಮೂಗುತಿ ಭಾರ ಎಂಬ ಮಾತನ್ನು ಆ ಗಾಡಿ ನೋಡಿಯೇ ಯಾರೋ ಹೇಳಿರಬೇಕು. ಪ್ರಬಂಧದಲ್ಲಿ ಅದು ‘ಸ್ವಯಂಚಾಲಿತ ಸಂಚಾರಿ ಚಾರ್ಜರ್’. ಹೊಲದಲ್ಲಿ ಅದನ್ನು ನಾನು ತಳ್ಳುತ್ತಿದ್ದೆ. ಹನಿ ನೀರಿನ ಪೈಪಿಗೆ ಗಾಲಿ ಸಿಕ್ಕಿಕೊಳ್ಳುತ್ತಿತ್ತು. ಬಾಳೆಯ ಮರಿಗಳು ಎದ್ದು ದಾರಿ ಮುಚ್ಚುತ್ತಿದ್ದವು. ಒಂದು ಡಬ್ಬಿಗೆ ಅರ್ಧ ತಾಸು ಅಂದರೆ ಇಪ್ಪತ್ತು ಡಬ್ಬಿಗೆ ಎರಡು ದಿನ. ತಟ್ಟೆ ಒಂದು ಬೆರಳು ಆಚೀಚೆ ಸರಿದರೆ ಒಳಗೆ ಹನಿ ವಿದ್ಯುತ್ತೂ ಇಳಿಯುತ್ತಿರಲಿಲ್ಲ. ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ ಟ್ರ್ಯಾಕ್ಟರ್ ಬ್ಯಾಟರಿ ಬಸಿದು ಬಸಿದು ಖಾಲಿಯಾಗುತ್ತಿತ್ತು. ಗೈಡು ಒಂದೇ ಸಲ ಬಂದರು. ಪಾಲಿಶ್ ಮಾಡಿದ ಬೂಟಿಗೆ ಕೆಂಪು ಮಣ್ಣು ಹತ್ತದ ಹಾಗೆ ಒಂದು ಗೋಣಿಚೀಲದ ಮೇಲೆ ನಿಂತು, ಗಾಡಿಯ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡರು. ನಾನು ಫೋಟೋದಲ್ಲಿ ಬೀಳಬಾರದೆಂದು ಬಾಳೆಯ ಮರೆಗೆ ಸರಿಸಿದರು. ನಾನು ಕಂಡರೆ ಗಾಡಿ ತಾನಾಗಿ ಓಡುತ್ತದೆ ಅಂತ ಹೇಳುವುದು ಹೇಗೆ?

ಹದಿನೈದು ದಿನಕ್ಕೊಮ್ಮೆ ಗಾಡಿ ತಳ್ಳುವುದು ನನಗೆ ಸಾಕಾಗಿ ಹೋಯಿತು. ಅದಕ್ಕೇ ಡಬ್ಬಿಗಳು ಕಡಿಮೆ ವಿದ್ಯುತ್ ತಿನ್ನುವ ಹಾಗೆ ಮಾಡಲು ಹೊರಟೆ. ಪ್ರಬಂಧದ ಮೊದಲ ಪುಟದಲ್ಲಿ ‘ಇಂಧನ ದಕ್ಷತೆ’ ಎಂದು ಬರೆದದ್ದರ ಹಿಂದಿನ ಕಾರಣ ಇಷ್ಟೇ, ನನ್ನ ಸೊಂಟನೋವು. ಡಬ್ಬಿಗೆ ತೇವ ಅಳೆಯುವುದರಲ್ಲಿ ಖರ್ಚಿಲ್ಲ, ಮಾತಾಡುವುದರಲ್ಲಿ ಖರ್ಚು. ಹಾಗಾಗಿ ಒಂದು ನಿಯಮ ಬರೆದೆ: ಹಿಂದೆ ಹೇಳಿದ್ದಕ್ಕೂ ಈಗಿನದಕ್ಕೂ ಫರಕು ಇಲ್ಲದಿದ್ದರೆ ಬಾಯಿ ತೆರೆಯಬೇಡ. ಡಬ್ಬಿ ಸುಮ್ಮನಿದ್ದರೆ ಫೋನಿನ ಚೌಕ ಹಳೆಯ ಬಣ್ಣದಲ್ಲೇ ಇರುತ್ತದೆ. ಆದರೆ ಬ್ಯಾಟರಿ ಸತ್ತ ಡಬ್ಬಿಯೂ ಸುಮ್ಮನೇ ಇರುತ್ತದಲ್ಲ? ಅದಕ್ಕೆ ದಿನಕ್ಕೊಮ್ಮೆ ಪ್ರತಿ ಡಬ್ಬಿಯೂ ‘ಇದ್ದೇನೆ’ ಎಂದು ಒಂದು ಮಾತು ಕಳಿಸುವಂತೆ ಮಾಡಿದ್ದೆ. ಎಂಜಿನಿಯರಿಂಗ್ ಮೂರನೆಯ ವರ್ಷದವರಿಗೂ ಗೊತ್ತಿರುವ ಎಚ್ಚರಿಕೆ ಅದು.

ಗೈಡು ನಾನು ಬರೆದ ವಿದ್ಯುತ್ ಖರ್ಚಿನ ನಕ್ಷೆ ನೋಡಿ ಮೂಗು ಮುರಿದರು. ಬೇರೆ ಯಾವುದೋ ಪ್ರಬಂಧದಲ್ಲಿ ಉಳಿತಾಯ ನಮ್ಮದಕ್ಕಿಂತ ಹೆಚ್ಚಿತ್ತು.

“ಈ ದಿನಾ ದಿನಾ ‘ಇದ್ದೀನಿ, ಇದ್ದೀನಿ’ ಅನ್ನೋದು ಯಾಕ ಬೇಕೋ? ಇದ್ರ ಇರ್ತದ.”

“ಸರ, ಸತ್ತದ್ದು ಗೊತ್ತಾಗೋದಿಲ್ರಿ.”

“ಯಾಕ ಸಾಯ್ತದ? ಗಾಡಿ ಚಾರ್ಜ್ ಮಾಡ್ತದಲ್ಲ. ಗಾಡಿ ಮ್ಯಾಲ ನಿನಗೇ ನಂಬಿಕಿ ಇಲ್ಲಂದ್ರ ಎಕ್ಸಾಮಿನರ್ ಹೆಂಗ ನಂಬ್ತಾನ? ತಗದ್ ಹಾಕು.”

ನಾನು ವಾದ ಮಾಡಬಹುದಿತ್ತು. ಹತ್ತು ನಿಮಿಷದ ಕೆಲಸ, ಕೂತಲ್ಲೇ ತೆಗೆದುಹಾಕಿದೆ. ನಕ್ಷೆಯ ಗೆರೆ ಒಂದಿಷ್ಟು ಕೆಳಗೆ ಇಳಿಯಿತು. ಗೈಡು ಶಹಬ್ಬಾಸ್ ಅಂದರು. ಶರಣಬಸವೇಶ್ವರ ಗುಡಿಯ ಹತ್ತಿರದ ಹೋಟೆಲಿನಲ್ಲಿ ಸುಸಲಾ ಮಿರ್ಚಿ ತಿನ್ನಿಸಿದರು.

ಆ ಮಳೆಗಾಲವೆಲ್ಲ ಎಲ್ಲವೂ ಚೆನ್ನಾಗಿಯೇ ನಡೆಯಿತು. ಮಳೆಯಲ್ಲಿ ಬಾಳೆಗೆ ಯಾರ ಹಂಗೂ ಇಲ್ಲ. ಮಳೆ ನಿಂತ ಮೇಲೂ ಎರಡು ತಿಂಗಳು ಡಬ್ಬಿಗಳು ಸರಿಯಾಗಿಯೇ ಹೇಳಿದವು ಎಂದು ಒಪ್ಪಿಕೊಳ್ಳಲೇಬೇಕು. ಅಕ್ಕ ಫೋನು ನೋಡಿ ವಾಲ್ವ್ ತಿರುವುತ್ತಿದ್ದರು. ಗಿಡಗಳು ಆಳೆತ್ತರ ದಾಟಿ ದಿಂಡು ಕೆಂಪಗೆ ಮಿರುಗುತ್ತಿತ್ತು. ಬಂದವರಿಗೆಲ್ಲ ಅಕ್ಕ ಫೋನು ತೋರಿಸುತ್ತಿದ್ದರು. ಭಾವ ಕೂಡ ಒಮ್ಮೆ ತೋಟದ ಒಳಗೆ ಬಂದು ದಿಂಡು ತಟ್ಟಿ ನೋಡಿ, “ಹ್ಞೂಂ, ಈ ಸಲ ಮೈ ತುಂಬ್ಯಾದ,” ಅಂದರಂತೆ. ಅದನ್ನು ಹೇಳುವುದಕ್ಕೆಂದೇ ಅಕ್ಕ ನನಗೆ ಫೋನ್ ಮಾಡಿದ್ದರು. ಗೊನೆ ಹೊರಬರಲು ಇನ್ನು ಎರಡು ತಿಂಗಳಿತ್ತು.

ಆಗಲೇ ಕಾಲೇಜಿನಲ್ಲಿ ಪರೀಕ್ಷೆಗಳು ಬಂದವು. ಪರೀಕ್ಷೆಯ ಬೆನ್ನಿಗೆ ಗೈಡು ಒಂದು ಅಂತರರಾಷ್ಟ್ರೀಯ ಸಮ್ಮೇಳನ ಇಟ್ಟುಕೊಂಡರು. ಅಂತರರಾಷ್ಟ್ರೀಯ ಅಂದರೆ ಇಬ್ಬರು ವಿದೇಶಿಯರು ಕಂಪ್ಯೂಟರಿನ ಪರದೆಯಲ್ಲಿ ಬಂದು ಮಾತಾಡುವುದು. ಅದರ ಬ್ಯಾನರು, ಊಟ, ನೆನಪಿನ ಕಾಣಿಕೆ ಎಲ್ಲವೂ ನನ್ನ ತಲೆಗೆ. ಒಂದೂವರೆ ತಿಂಗಳು ಗಾಡಿ ಪಂಪ್‌ಹೌಸಿನಲ್ಲೇ ನಿಂತಿತು. ಹೋಗಬೇಕು ಎಂದು ಪ್ರತಿ ಭಾನುವಾರ ಅಂದುಕೊಳ್ಳುತ್ತಿದ್ದೆ. ಪ್ರತಿ ಭಾನುವಾರ ಫೋನು ತೆಗೆದು ಚೌಕಗಳನ್ನು ನೋಡಿ, ಎಲ್ಲ ನಡೆಯುತ್ತಿದೆಯಲ್ಲ ಎಂದು ಮಲಗುತ್ತಿದ್ದೆ.

ಎಳ್ಳ ಅಮಾವಾಸ್ಯೆಗೆ ಅಕ್ಕ ನಮ್ಮನ್ನೆಲ್ಲ ಹೊಲಕ್ಕೆ ಕರೆದರು. ನಮ್ಮ ಕಡೆ ಆ ದಿನ ಊರಲ್ಲಿ ಯಾರೂ ಇರುವುದಿಲ್ಲ, ಎಲ್ಲ ಯಾರದಾದರೂ ಹೊಲದಲ್ಲಿರುತ್ತಾರೆ. ಗೈಡು ಕುಟುಂಬ ಸಮೇತ ಕಾರಿನಲ್ಲಿ ಬಂದರು. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಎಲ್ಲ ಎರಡೆರಡು ಸಲ ಹಾಕಿಸಿಕೊಂಡರು. ಊಟಕ್ಕೆ ಮೊದಲು ಚರಗ ಚೆಲ್ಲುವುದು ಪದ್ಧತಿ. ಭೂಮಿತಾಯಿಗೆ ಎಡೆಯೆಂದು ಭಜ್ಜಿ, ರೊಟ್ಟಿ, ಅಂಬಲಿಯನ್ನು ಹೊಲದ ತುಂಬ ಚೆಲ್ಲುತ್ತಾ ಸುತ್ತು ಬರುತ್ತಾರೆ. ಅಕ್ಕ ಅಂಬಲಿಯ ಗಡಿಗೆ ಹಿಡಿದು ಸುತ್ತುತ್ತಾ ಪ್ರತಿ ಡಬ್ಬಿಯ ಹತ್ತಿರವೂ ನಿಂತರು. ಅದರ ಮೇಲೊಂದಿಷ್ಟು, ಬುಡಕ್ಕೊಂದಿಷ್ಟು ಅಂಬಲಿ ಹಾಕಿ, ತಂಬಿಗೆಯಿಂದ ನೀರು ಬಿಟ್ಟು, ನಮಸ್ಕಾರ ಮಾಡಿದರು.

“ಇವೂ ಹೊಲದಾಗ ದುಡೀತಾವಲ್ರಿ ಸರ,” ಅಂದರು.

ನನ್ನ ಫೋನಿನಲ್ಲಿ ಚೌಕಗಳು ಒಂದೊಂದಾಗಿ ನೀಲಿಯಾದವು. ಗೈಡಿಗೆ ತೋರಿಸಿದೆ. ಅವರು ತಮ್ಮ ಹೆಂಡತಿಗೆ, ಆ ಮನೆಯವರಿಗೆ, ಪಕ್ಕದ ಹೊಲದವರಿಗೆ ಎಲ್ಲ ತೋರಿಸಿದರು. “ನೋಡ್ರಿ, ಅಲ್ಲಿ ಹಾಕಿದ್ದು ಇಲ್ಲಿ ಗೊತ್ತಾಗಾಕತ್ತದ!” ನನಗೂ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ಅಂಬಲಿ ಮಣ್ಣಿಗೆ ಇಳಿದಂತೆಲ್ಲ ತೇವ ಬದಲಾಗುತ್ತಿತ್ತು, ಬದಲಾದಂತೆಲ್ಲ ಡಬ್ಬಿಗಳು ಮಾತಾಡುತ್ತಿದ್ದವು. ಒಂದೂವರೆ ತಿಂಗಳು ಚಾರ್ಜ್ ಕಾಣದ ಬ್ಯಾಟರಿಗಳು. ಅವು ತಳದಲ್ಲಿ ಉಳಿದಿದ್ದ ಕೊನೆಯ ಕಸುವನ್ನೂ ಆ ಮಧ್ಯಾಹ್ನ ‘ಹಸಿ, ಹಸಿ’ ಎಂದು ಕೂಗಿ ಕೂಗಿ ಮುಗಿಸಿದವು. ನಾವು ಹೋಳಿಗೆ ತಿನ್ನುತ್ತಿದ್ದೆವು.

ಹನ್ನೊಂದು ದಿನ ಕಳೆದ ಮೇಲೆ ಅಕ್ಕ ಫೋನ್ ಮಾಡಿದರು.

“ಸರ, ಎಲಿ ಜೋತ ಬೀಳಾಕತ್ತಾವ್ರಿ. ಒಂದ್ ತಾಸು ನೀರ ಬಿಡ್ಲೇನ್ರಿ?”

“ಫೋನಿನ್ಯಾಗ ಏನ್ ತೋರಸಾಕತ್ತದ ಅಕ್ಕಾರ?”

“ಎಲ್ಲಾ ನೀಲೀನೇ ಅದರಿ.”

“ಮತ್ತ? ನೀರ ಹೆಚ್ಚಾದ್ರೂ ಎಲಿ ಜೋತ ಬೀಳ್ತಾವ. ಹ್ವಾದ ಬೆಳಿ ಹೆಂಗ ಹೋತು ಅನ್ನೋದು ಮರತ್ರೇನು?”

“ಹಂಗಂತೀರಿ?” ಅಂದರು. ದನಿಯಲ್ಲಿ ಅನುಮಾನವಿತ್ತು, ಆದರೆ ಅದು ತಮ್ಮ ಮೇಲಿನ ಅನುಮಾನ. “ಆತ್ರಿ ಸರ. ಬಿಡಂಗಿಲ್ರಿ.”

ಎರಡನೆಯ ಸಲ ಫೋನ್ ಬಂದಾಗ ನಾನು ಸಮ್ಮೇಳನಕ್ಕೆ ಹೊರರಾಜ್ಯದಿಂದ ಬಂದ ಅತಿಥಿಗಳನ್ನು ಕೋಟೆ ತೋರಿಸಲು ಕರೆದುಕೊಂಡು ಹೋಗಿದ್ದೆ. ದೊಡ್ಡ ತೋಪಿನ ಮುಂದೆ ಅವರ ಫೋಟೋ ತೆಗೆಯುತ್ತಿದ್ದೆ. ಮೂರು ಸಲ ಕಟ್ ಮಾಡಿ ನಾಲ್ಕನೆಯ ಸಲ ಎತ್ತಿದೆ.

“ಸರ, ಗೊನಿ ಹೊರಗ ಬರವಲ್ದರಿ, ಕುತಿಗ್ಯಾಗೇ ಸಿಕ್ಕೊಂಡಾದ. ನಾ ಕೈಲೆ ಮಣ್ಣ ಕೆದರಿ ನೋಡ್ದೆ, ಒಣ ಅದರಿ.”

“ಮ್ಯಾಲಿನ ಮಣ್ಣ ಒಣಗೇ ಇರ್ತದ ಅಕ್ಕಾರ. ಡಬ್ಬಿ ಕೆಳಗ ಬೇರಿನ ಹತ್ರ ನೋಡ್ತದ. ನಿಮ್ಮ ಕಣ್ಣಿಗಿಂತ ಅದರ ಕಣ್ಣ ಆಳ ಅದ. ಸುಮ್ಮ ಗಾಬರಿ ಆಗಬ್ಯಾಡ್ರಿ.”

ಪಕ್ಕದಲ್ಲಿದ್ದ ಅತಿಥಿಗೆ ಈ ಮಾತು ಬಹಳ ಹಿಡಿಸಿತು. ಅರ್ಥ ಕೇಳಿ ತಿಳಿದುಕೊಂಡು, ಸಂಜೆಯ ಸಮಾರೋಪದಲ್ಲಿ ತಮ್ಮದೇ ಮಾತೆಂಬಂತೆ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಆ ಸಭೆಯಲ್ಲಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ.

ಸಮ್ಮೇಳನದ ಬ್ಯಾನರುಗಳನ್ನೆಲ್ಲ ಬಿಚ್ಚಿದ ಮೇಲೆ ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ತೋಟ ದೂರದಿಂದಲೇ ಕಂಡಿತು. ಎಲೆಗಳು ದಿಂಡಿಗೆ ಆತುಕೊಂಡು ಜೋತುಬಿದ್ದಿದ್ದವು, ಅಂಚು ಸುಟ್ಟಂತಾಗಿತ್ತು. ಗೊನೆಗಳು ಗಿಡದ ಗಂಟಲಲ್ಲಿ ಅರ್ಧ ಹೊರಗೆ ಅರ್ಧ ಒಳಗೆ ಸಿಕ್ಕಿಕೊಂಡಿದ್ದವು. ಹೊರಬಂದವುಗಳಲ್ಲೂ ಕಾಯಿ ಕಿರುಬೆರಳಿನಷ್ಟು. ನಾನು ಫೋನು ತೆಗೆದು ನೋಡಿದೆ. ಇಪ್ಪತ್ತೂ ಚೌಕ ನೀಲಿ. ಒಂದು ಡಬ್ಬಿ ಕಿತ್ತು ತಿರುಪು ಬಿಚ್ಚಿ ಮೀಟರ್ ಹಿಡಿದೆ. ಜೀವವೇ ಇಲ್ಲ. ಎರಡನೆಯದೂ ಇಲ್ಲ, ಮೂರನೆಯದೂ ಇಲ್ಲ. ನಾಲ್ಕನೆಯದನ್ನು ಬಿಚ್ಚುವ ಹೊತ್ತಿಗೆ ಎಲ್ಲವೂ ಹೊಳೆದುಹೋಯಿತು. ಅವು ಸತ್ತದ್ದು ಅಮಾವಾಸ್ಯೆಯ ದಿನ. ಸಾಯುವ ಮೊದಲು ಹೇಳಿದ ಕೊನೆಯ ಮಾತು ‘ಹಸಿ’. ಅವು ಸತ್ತವೆಂದು ಹೇಳಬೇಕಾಗಿದ್ದ ಒಂದೇ ಒಂದು ಮಾತನ್ನು ನಾನೇ ನನ್ನ ಕೈಯಾರೆ ತೆಗೆದುಹಾಕಿದ್ದೆ.

ಅಂಬಲಿಯ ತಪ್ಪೇನೂ ಇರಲಿಲ್ಲ. ಡಬ್ಬಿಯೊಳಗೆ ಒಂದು ಹನಿಯೂ ಇಳಿದಿರಲಿಲ್ಲ, ಒಳಗೆ ಅಂಗಡಿಯಿಂದ ತಂದ ದಿನದಷ್ಟೇ ಒಣಗಿತ್ತು. ಅಂಬಲಿಯ ಬದಲು ಪೈಪಿನ ನೀರೇ ಬಿದ್ದಿದ್ದರೂ ಆಗುತ್ತಿದ್ದದ್ದು ಇದೇ. ಇದು ನನಗೆ ಅಲ್ಲಿ ಕೂತಲ್ಲೇ, ಅನುಮಾನಕ್ಕೆ ಎಡೆಯಿಲ್ಲದಂತೆ ಗೊತ್ತಾಯಿತು.

ಅಕ್ಕ ಮತ್ತು ಭಾವ ಬಂದು ನಿಂತರು. ಭಾವ ಒಂದು ಡಬ್ಬಿ ಎತ್ತಿ ತಿರುವಿ ನೋಡಿದರು. ಮುಚ್ಚಳದ ಮೇಲೆ ಅಂಬಲಿ ಒಣಗಿ ಹಕ್ಕಳೆಗಟ್ಟಿತ್ತು, ಇರುವೆ ಮುತ್ತಿದ್ದವು.

“ಇಗೋ ನೋಡ್ರಿ,” ಅಂದರು. “ಮಿಷನ್ ಮ್ಯಾಲ ಅಂಬಲಿ ಸುರದಾಳ. ಒಳಗ ಹೊಕ್ಕು ಕೆಟ್ಟದ. ಹೌದಲ್ರಿ ಮಾಸ್ತರ?”

ಅಕ್ಕನ ಕೈ ಸೆರಗಿನ ಒಳಗೆ ಹೋಯಿತು. ನನ್ನ ಮುಖವನ್ನೇ ನೋಡುತ್ತಿದ್ದರು. ಅಲ್ಲ ಎಂದು ಹೇಳುವುದಕ್ಕೆ ಎರಡಕ್ಷರ ಸಾಕಾಗಿತ್ತು. ನಾನು ತಿರುಪುಗಳನ್ನು ಒಂದೊಂದಾಗಿ ಆಯ್ದು ಕಿಸೆಗೆ ಹಾಕಿಕೊಳ್ಳುತ್ತಾ, “ನೋಡಬೇಕ್ರಿ, ಲ್ಯಾಬಿಗೆ ಒಯ್ದು ನೋಡಬೇಕು,” ಅಂದೆ. ಲ್ಯಾಬಿನಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಅಕ್ಕ ಅದೇ ಕ್ಷಣ ವಾಲ್ವ್ ತಿರುವಲು ಓಡಿದರು, ಆದರೆ ಗೊನೆಯ ಕಾಲ ಮುಗಿದಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಗೈಡು ನೆಲವನ್ನಲ್ಲ, ನೆಲಕ್ಕೆ ಪೂಜೆ ಮಾಡಿದವರನ್ನೇ ಡೊಂಕು ಅಂದರು. ನಾನು ನಡೆದದ್ದನ್ನೆಲ್ಲ ಹೇಳಿದಾಗ ಅವರು ಮೊದಲು ಕೇಳಿದ್ದು, “ಈ ವಿಷಯ ಯಾರಿಗರ ಗೊತ್ತದ?” ಎಂದು. ಯಾರಿಗೂ ಇಲ್ಲ, ಆ ಮನೆಯವರು ಅಂಬಲಿಯಿಂದ ಕೆಟ್ಟಿತು ಅಂದುಕೊಂಡಿದ್ದಾರೆ ಅಂದೆ. ಗೈಡಿನ ಮುಖ ಅರಳಿತು. “ಮತ್ತ ಅದೇ ಬರಿ. ‘ಸ್ಥಳೀಯ ಆಚರಣೆಯಿಂದ ಕೆಲ ಉಪಕರಣಗಳಿಗೆ ಅಡಚಣೆ.’ ಒಂದೇ ಸಾಲು ಸಾಕು.” ಆಮೇಲೆ ನಕ್ಷೆ ಕೇಳಿದರು. ಸತ್ತ ಡಬ್ಬಿ ವಿದ್ಯುತ್ ತಿನ್ನುವುದಿಲ್ಲ. ಆ ದಿನಗಳನ್ನೂ ಲೆಕ್ಕಕ್ಕೆ ಸೇರಿಸಿದಾಗ ಖರ್ಚಿನ ಗೆರೆ ಬಾವಿಗೆ ಬಿದ್ದ ಹಗ್ಗದ ಹಾಗೆ ಸರ್ರನೆ ಕೆಳಗಿಳಿಯಿತು. ಜಗತ್ತಿನ ಯಾವ ಪ್ರಬಂಧದಲ್ಲೂ ಅಂಥ ಉಳಿತಾಯ ಇರಲಿಲ್ಲ. ಆ ದಿನಗಳನ್ನು ಬಿಡಬೇಕಲ್ಲವೇ ಎಂದು ನಾನು ಕೇಳಲಿಲ್ಲ. ಗೈಡು ಹೇಳಿದರು ಎಂದು ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಗೆರೆ ಎಳೆದವನು ನಾನು.

ಮೌಖಿಕ ಪರೀಕ್ಷೆಗೆ ಬಂದ ಇಬ್ಬರು ಮಹನೀಯರು ಆ ಗೆರೆಯ ಮುಂದೆ ಬಹಳ ಹೊತ್ತು ತಲೆದೂಗಿದರು. ಇದು ಹೇಗೆ ಸಾಧ್ಯವಾಯಿತು ಎಂದು ಒಬ್ಬರಾದರೂ ಕೇಳುತ್ತಾರೆಂದು ನಾನು ಹೆದರಿದ್ದೆ. ಒಬ್ಬರು ಗಾಡಿಯ ಬಣ್ಣ ಚೆನ್ನಾಗಿದೆ ಅಂದರು. ಇನ್ನೊಬ್ಬರು ಹಿಂತಿರುಗುವ ರೈಲಿನ ಹೊತ್ತು ಕೇಳಿದರು. ಮಧ್ಯಾಹ್ನದ ಊಟದ ಹೊತ್ತಿಗೆ ನಾನು ಡಾಕ್ಟರಾಗಿದ್ದೆ. ಮೂರ್ಖರ ಕೈಯಲ್ಲಿ ಪಾಸಾಗುವುದರಷ್ಟು ಅವಮಾನ ಬೇರೆ ಇಲ್ಲ. ಆ ಅವಮಾನವನ್ನು ಸಂಬಳದ ಹೆಚ್ಚಳದ ಜೊತೆ ಸುಖವಾಗಿ ನುಂಗಿದೆ.

ಕಮಲಾಪುರಕ್ಕೆ ಇನ್ನೊಮ್ಮೆ ಹೋಗುವ ಮನಸ್ಸಿರಲಿಲ್ಲ. ಆದರೆ ಯೋಜನೆಯ ಕೊನೆಯ ವರದಿಗೆ ‘ಈ ತಂತ್ರಜ್ಞಾನದಿಂದ ನಮಗೆ ಅನುಕೂಲವಾಗಿದೆ’ ಎಂದು ರೈತರು ಸಹಿ ಮಾಡಿದ ಪತ್ರ ಬೇಕು ಎಂದು ಗೈಡು ಹಟ ಹಿಡಿದರು. ಪತ್ರವನ್ನು ಟೈಪ್ ಮಾಡಿಸಿ, ಒಂದು ಕಿಲೋ ಪೇಡೆ ತೆಗೆದುಕೊಂಡು ಹೋದೆ. ಬಾಳೆಯಿದ್ದ ಕಡೆ ಕಬ್ಬು ಮೊಣಕಾಲುದ್ದ ಬಂದಿತ್ತು. ಮನೆಯ ಮುಂದಿನ ಕಟ್ಟೆಯ ಮೇಲೆ ಭಾವ ಕೂತಿದ್ದರು. ಅಕ್ಕ ಒಳಗಿನಿಂದ ನೀರು ತಂದುಕೊಟ್ಟರು. ನನಗಿಂತ ಹತ್ತು ವರ್ಷ ದೊಡ್ಡವರಂತೆ ಕಂಡರು.

ಮಾತಿಗೆ ಮಾತು ಬಂದು ಭಾವನೇ ಹೇಳಿದರು. ಈ ವರ್ಷ ಎಳ್ಳ ಅಮಾವಾಸ್ಯೆಗೆ ಅಕ್ಕ ಹೊಲಕ್ಕೆ ಬರಲಿಲ್ಲವಂತೆ. ಚರಗ ಚೆಲ್ಲುವುದು ಆ ಮನೆಯಲ್ಲಿ ಯಾವಾಗಲೂ ಆಕೆಯ ಕೆಲಸ. ‘ನನ್ನ ಕೈ ಛಲೋ ಅಲ್ಲ, ನೀವೇ ಚೆಲ್ರಿ’ ಎಂದು ಗಡಿಗೆ ಕೊಟ್ಟು ಮನೆಯಲ್ಲೇ ಉಳಿದರಂತೆ. ಹೇಳುವಾಗ ಭಾವ ನಕ್ಕರು, ನಾನೂ ನಗಬೇಕೆಂದು ನನ್ನ ಕಡೆ ನೋಡಿದರು. ನಾನು ನಗುವಿಗೆ ಹತ್ತಿರವಾದ ಏನೋ ಒಂದನ್ನು ಮಾಡಿದೆ.

ಪತ್ರ ಮುಂದಿಟ್ಟೆ. ಅಕ್ಕ ಓದಲಿಲ್ಲ. ಓದಲು ಬರದೆ ಅಲ್ಲ, ಪಿಯುಸಿವರೆಗೆ ಓದಿದವರು. ನಾನು ತಂದದ್ದನ್ನು ಓದಿ ನೋಡುವುದು ಮರ್ಯಾದೆಯಲ್ಲ ಅಂದುಕೊಂಡರು. ಬೆರಳು ತೋರಿಸಿದ ಜಾಗದಲ್ಲಿ ನಿಧಾನವಾಗಿ ಸಹಿ ಮಾಡಿ, ಪೆನ್ನಿನ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟು, ಕೊಟ್ಟ ಮೇಲೂ ಅಲ್ಲೇ ನಿಂತರು.

“ಸರ, ಒಂದ್ ಮಾತ ಕೇಳ್ಬೇಕಂತ ಭಾಳ ದಿನದಿಂದ ಇತ್ರಿ. ನಾ ಅಂಬಲಿ ಹಾಕಿದ್ದಕ್ಕ ನಿಮ್ಮ ಓದಿಗೇನೂ ಧಕ್ಕಿ ಆಗಲಿಲ್ಲಲ್ರಿ?”

“ಇಲ್ಲ ಅಕ್ಕಾರ. ಓದು ಮುಗೀತು. ಡಾಕ್ಟರೇಟ್ ಬಂತು.”

“ಅಷ್ಟಾದ್ರ ಸಾಕ್ರಿ.” ಆಕೆಯ ಕಣ್ಣು ತುಂಬಿದವು. “ಬಾಳಿ ಹ್ವಾದ್ರ ಹೋತು, ನಮ್ಮ ನಸೀಬ. ನಿಮ್ಮಂಥವರ ವರ್ಷಗಟ್ಟಲೆ ಕೆಲಸಾ ನನ್ನ ಕೈಲೆ ಕೆಡ್ತು ಅಂತ ಜೀವಕ್ಕ ಸಮಾಧಾನ ಇರಲಿಲ್ರಿ. ತಪ್ಪಾಗ್ಯಾದ ಸರ. ಹೊಟ್ಟ್ಯಾಗ ಹಾಕ್ಕೋರಿ.”

ಭಾವ ಎಲೆಗೆ ಸುಣ್ಣ ಹಚ್ಚುತ್ತಾ ಕೇಳುತ್ತಿದ್ದರು. ತಪ್ಪು ನಿಮ್ಮದಲ್ಲ, ನನ್ನದು ಎಂದು ಆ ಮನುಷ್ಯನ ಮುಂದೆ ಒಂದು ಸಲ ಹೇಳಿದ್ದರೆ ಸಾಕಿತ್ತು. ಬಾಳೆ ಬರುತ್ತಿರಲಿಲ್ಲ, ಆದರೆ ಆಕೆ ಮನೆಯಲ್ಲಿ ತಲೆಯೆತ್ತಿ ಓಡಾಡುತ್ತಿದ್ದರು. ನನ್ನ ಡಾಕ್ಟರೇಟನ್ನು ಆ ಕಟ್ಟೆಯಿಂದ ಎದ್ದು ಬಂದು ಯಾರೂ ಕಿತ್ತುಕೊಳ್ಳುತ್ತಿರಲಿಲ್ಲ. ಅದೂ ನನಗೆ ಗೊತ್ತಿತ್ತು.

“ಇರಲಿ ಬಿಡ್ರಿ ಅಕ್ಕಾರ,” ಅಂದೆ. “ಗೊತ್ತಿಲ್ದ ಆಗ್ಯಾದ. ನಾ ಮನಸಿನ್ಯಾಗ ಏನೂ ಇಟ್ಕೊಂಡಿಲ್ಲ.”

ಅಕ್ಕ ಎರಡೂ ಕೈ ಜೋಡಿಸಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಎಷ್ಟೋ ದಿನದ ಮೇಲೆ ಎಂಬಂತೆ ದನಿ ಎತ್ತಿ, ಕಟ್ಟೆಯ ಕಡೆ ತಿರುಗಿ ಹೇಳಿದರು:

“ಕೇಳಿದ್ರಿಲ್ರಿ? ಸರ ಮಾಫ್ ಮಾಡ್ಯಾರ.”